ಶಾಸಕರಿಂದ ನಮ್ಮೂರಿಗೂ ಒಂದು ಕಾಗದ ಬರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಕಲಬುರಗಿ ಜಿಲ್ಲೆಯವಳು, ತೊಗರಿ ಬೆಳೆಯೋ ಮನೆತನ, 2019ರಲ್ಲಿ ಯಜಮಾನರ ಕೆಲಸದ ಸಲುವಾಗಿ ಅಮೆರಿಕಕ್ಕೆ ಬಂದ್ವಿ, ಈಗ ಇರೋದು ವಾಷಿಂಗ್ಟನ್ ರಾಜ್ಯದ ಪುಲ್‌ಮನ್ ಅನ್ನೋ ಊರಲ್ಲಿ. ವಾಷಿಂಗ್ಟನ್ ಅಂದ ಕೂಡ್ಲೇ ನಮ್ಮ ಕಡೆ ಎಲ್ರೂ ವೈಟ್ ಹೌಸ್ ಇರೋ ಊರು ಅಂದ್ಕೋತಾರೆ, ಅದಲ್ಲ, ಇದು ಪಶ್ಚಿಮ ತೀರದ ರಾಜ್ಯ, ಸಿಯಾಟಲ್ ಇರೋದು ಇದರಲ್ಲೇ, ಆದ್ರೆ ನಾವಿರೋದು ಅದರ ಇನ್ನೊಂದು ತುದಿ, ಪೂರ್ವದ ಗಡಿ ಹತ್ರ. ಈ ಕಡೆಗೆ ಪಲೂಸ್ ಅಂತಾರೆ. ಕಣ್ಣು ಹಾಯಿಸಿದಷ್ಟು ದೂರ ಅಲೆ ಅಲೆಯಾಗಿ ಗುಡ್ಡ, ಗುಡ್ಡದ ಮೇಲೆಲ್ಲ ಗೋಧಿ, ಬಹುಪಾಲು ಮಳೆ ನಂಬಿದ ಬೇಸಾಯ, ಮತ್ತೆ ಗೋಧಿ ಜೊತೆ ಸರದಿ ಮೇಲೆ ಮಸೂರ್ ಬೇಳೆ, ಕಡಲೆ, ಬಟಾಣಿ. ನಮ್ಮೂರಲ್ಲಿ ಪ್ರತಿ ಆಗಸ್ಟ್‌ನಲ್ಲಿ ಮಸೂರ್ ಬೇಳೆಯ ಹಬ್ಬನೇ ಮಾಡ್ತಾರೆ. ತೊಗರಿ ಕಣಜದಿಂದ ಹೊರಟು ಬೇಳೆ ಬೆಳೆಯೋ ಇನ್ನೊಂದು ನೆಲಕ್ಕೇ ಬಂದು ಸೇರಿದ್ನಲ್ಲ ಅಂತ ಮೊದಲ ವರ್ಷ ನನಗೆ ಎಷ್ಟು ಖುಷಿ ಆಗಿತ್ತು ಅಂದ್ರೆ ಹೇಳೋಕಾಗಲ್ಲ.

ನಾನು ಇವತ್ತು ಬರೀತಿರೋದು ಇಲ್ಲಿನ ಶಾಸಕರು ಸದನದಲ್ಲಿ ಏನು ಮಾಡಿದ್ವಿ ಅಂತ ಜನಕ್ಕೆ ಕಳಿಸೋ ಕಾಗದದ ಬಗ್ಗೆ. ವಾಷಿಂಗ್ಟನ್ ರಾಜ್ಯದಲ್ಲಿ 49 ಕ್ಷೇತ್ರ ಇವೆ, ಪ್ರತಿ ಕ್ಷೇತ್ರದಿಂದ ಮೇಲ್ಮನೆಗೆ ಒಬ್ಬ ಸೆನೆಟರ್, ಕೆಳಮನೆಗೆ ಇಬ್ಬರು ಪ್ರತಿನಿಧಿಗಳು ರಾಜಧಾನಿ ಒಲಿಂಪಿಯಾಗೆ ಹೋಗ್ತಾರೆ. ನಮ್ಮದು 9ನೇ ಕ್ಷೇತ್ರ. ಸೆನೆಟರ್ ಮಾರ್ಕ್ ಶೆಸ್ಲರ್, ರಿಟ್ಸ್‌ವಿಲ್ ಕಡೆಯ ಗೋಧಿ ರೈತ, 1993ರಿಂದ ಸದನದಲ್ಲಿದ್ದಾರೆ, ಪ್ರತಿನಿಧಿಗಳು ಮೇರಿ ಡೈ ಮತ್ತೆ ಜೋ ಶ್ಮಿಕ್. ಮೂವರೂ ರಿಪಬ್ಲಿಕನ್ನರು, ಕನ್ಸರ್ವೇಟಿವ್. ಅಂದ್ರೆ ಟ್ಯಾಕ್ಸ್ ಕಮ್ಮಿ ಇರ್ಲಿ, ಸರ್ಕಾರ ಎಲ್ಲದಕ್ಕೂ ಕೈ ಹಾಕೋದು ಬೇಡ, ಬಂದೂಕಿನ ಹಕ್ಕು ಮುಟ್ಟಬೇಡಿ, ಸಿಯಾಟಲ್‌ನವರು ಮಾಡಿದ ರೂಲು ಹಳ್ಳಿ ರೈತನ ತಲೆ ಮೇಲೆ ಹೊರಿಸಬೇಡಿ ಅನ್ನೋರು. ನನಗೆ ಇವರ ಎಲ್ಲಾ ಮಾತೂ ಒಪ್ಪಿಗೆ ಇಲ್ಲ, ಅರ್ಧಕ್ಕರ್ಧ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆನೇ. ನನಗೆ ಇಲ್ಲಿ ಓಟೂ ಇಲ್ಲ, ನಾವಿರೋದು ವೀಸಾ ಮೇಲೆ. ಆದ್ರೂ ಆ ಕಾಗದ ನಮ್ಮ ಮನೆ ಡಬ್ಬಿಗೂ ಬಂದು ಬೀಳ್ತದೆ, ಇಮೇಲ್ ಕೊಟ್ಟು ಹೆಸರು ಬರೆಸಿದ್ರೆ ಅಧಿವೇಶನ ನಡೆಯುವಾಗ ಇಮೇಲೂ ಬರ್ತದೆ, ನೀನು ನನಗೆ ಓಟು ಹಾಕಿದ್ಯಾ, ಯಾವ ಪಾರ್ಟಿ ಅಂತ ಯಾರೂ ಕೇಳಲ್ಲ. ಮೊದಲ ಸಲ ಬಂದಾಗ ಇದೇನೋ ಜಾಹೀರಾತು ಅಂತ ಎತ್ತಿ ಇಟ್ಟುಬಿಟ್ಟಿದ್ದೆ. ಆಮೇಲೆ ಒಂದಿನ ಚಹಾ ಕುಡೀತಾ ಓದಿದೆ ನೋಡಿ, ಅವತ್ತಿಂದ ಒಂದೂ ಬಿಟ್ಟಿಲ್ಲ.

ಅದರಲ್ಲಿ ಏನಿರ್ತದೆ ಅಂದ್ರೆ, ಈಗ ಸ್ನೇಕ್ ನದಿ ಡ್ಯಾಮಿನ ವಿಷಯ ತಗೊಳ್ಳಿ. ಸ್ನೇಕ್ ನದಿಯ ಕೆಳಭಾಗದಲ್ಲಿ ನಾಲ್ಕು ಡ್ಯಾಮಿವೆ, ಐಸ್ ಹಾರ್ಬರ್, ಲೋವರ್ ಮಾನ್ಯುಮೆಂಟಲ್, ಲಿಟಲ್ ಗೂಸ್, ಲೋವರ್ ಗ್ರಾನೈಟ್. ಈ ಡ್ಯಾಮು ಇರೋದ್ರಿಂದ್ಲೇ ಸಮುದ್ರದಿಂದ 465 ಮೈಲಿ ಒಳಗಿರೋ ಲೂಯಿಸ್ಟನ್ ತನಕ ನದಿ ಮೇಲೆ ಬಾರ್ಜ್ ಓಡಾಡ್ತವೆ, ಬಾರ್ಜ್ ಅಂದ್ರೆ ಸರಕು ತುಂಬೋ ದೊಡ್ಡ ಚಪ್ಪಟೆ ದೋಣಿ, ಒಂದೊಂದ್ರಲ್ಲಿ ನೂರು ಲಾರಿಗಿಂತ ಹೆಚ್ಚು ಗೋಧಿ ಹಿಡೀತದೆ, ಇಲ್ಲಿನ ಗೋಧಿ ಹಂಗೇ ಪೋರ್ಟ್‌ಲ್ಯಾಂಡ್ ಕಡೆ ಹೋಗಿ ಅಲ್ಲಿಂದ ಜಪಾನ್, ಫಿಲಿಪೀನ್ಸ್ ಕಡೆ ಹಡಗು ಹತ್ತುತ್ತೆ. ಆದ್ರೆ ಅದೇ ಡ್ಯಾಮಿಂದ ಸಾಲ್ಮನ್ ಮೀನು ಸಮುದ್ರದಿಂದ ಮೇಲಕ್ಕೆ ಬಂದು ಮೊಟ್ಟೆ ಇಡೋದು ಕಷ್ಟ ಆಗಿದೆ, ಮೀನು ನಂಬಿದ ಮೂಲನಿವಾಸಿಗಳು, ಅದರಲ್ಲೂ ನೆಜ್ ಪರ್ಸ್ ಜನ, 1855ರಲ್ಲಿ ಒಪ್ಪಂದ ಮಾಡ್ಕೊಂಡು ಮೀನಿನ ಹಕ್ಕು ಉಳಿಸ್ಕೊಂಡೋರು, ಡ್ಯಾಮ್ ತೆಗೀರಿ ಅಂತಿದ್ದಾರೆ. 2023ರ ಡಿಸೆಂಬರಲ್ಲಿ ಬೈಡನ್ ಸರ್ಕಾರ ಇವರ ಜೊತೆ ಮೀನು ಉಳಿಸೋಕೆ ಅಂತ ಒಂದು ಒಪ್ಪಂದ ಮಾಡ್ಕೊಂಡಿತ್ತು, 2025ರ ಜೂನಲ್ಲಿ ಟ್ರಂಪ್ ಅದನ್ನ ರದ್ದು ಮಾಡಿದ್ರು. ನಮ್ಮ ಕ್ಷೇತ್ರದ ಮೂವರೂ ಡ್ಯಾಮ್ ಉಳೀಲೇಬೇಕು ಅನ್ನೋ ಕಡೆ. ಕಾಗದದಲ್ಲಿ ಅದನ್ನ ಮುಚ್ಚಿಡಲ್ಲ, ನಾನು ಇದರ ಪರ, ಕಾರಣ ಇದು ಅಂತ ನೇರ ಬರೀತಾರೆ. ನನಗೆ ಮೀನಿನ ಜನರ ಮಾತೂ ನ್ಯಾಯ ಅನ್ನಿಸ್ತದೆ, ಅವರ ಮಾತು ಈ ಕಾಗದದಲ್ಲಿ ಸಿಗಲ್ಲ, ಬೇರೆ ಕಡೆ ಹುಡುಕಿ ಓದಬೇಕು. ಆದ್ರೆ ನನ್ನ ಶಾಸಕ ಎಲ್ಲಿ ನಿಂತಿದ್ದಾನೆ ಅಂತ ನನಗೆ ಗೊತ್ತು. ಗೊತ್ತಿದ್ರೆ ತಾನೇ ಜಗಳ ಆಡೋಕಾದ್ರೂ ಆಗೋದು.

ಇನ್ನೊಂದು, ರೈತರ ಡೀಸೆಲ್ ವಿಷಯ. ಇಲ್ಲಿ 2021ರಲ್ಲಿ ಹೊಗೆ ಮಾಲಿನ್ಯ ಕಮ್ಮಿ ಮಾಡೋ ಕಾನೂನು ಬಂತು, 2023ರ ಜನವರಿಯಿಂದ ಜಾರಿ. ಹೊಲದ ಕೆಲಸಕ್ಕೆ ಬಳಸೋ ಇಂಧನಕ್ಕೆ ಅದರ ಭಾರ ಬೀಳಲ್ಲ ಅಂತ ಕಾನೂನಲ್ಲೇ ಇತ್ತು, ಆದ್ರೆ ಬಂಕಿಗೆ ಹೋದ್ರೆ ರೈತರಿಂದ್ಲೂ ಆ ಹೆಚ್ಚುವರಿ ದುಡ್ಡು ವಸೂಲಿ ಆಗ್ತಿತ್ತು. ಹಳ್ಳಿ ಕಡೆ ಶಾಸಕರು ಇದನ್ನ ಪದೇ ಪದೇ ಎತ್ತಿದ್ರು, ಕೊನೆಗೆ 2024ರಲ್ಲಿ ರೈತರಿಗೆ ವಾಪಸ್ ಕೊಡೋಕೆ 30 ಮಿಲಿಯನ್ ಡಾಲರ್ ಇಟ್ಟರು. ಅದೇ ವರ್ಷ ನವೆಂಬರಲ್ಲಿ ಆ ಕಾನೂನನ್ನೇ ತೆಗೆದುಹಾಕ್ಬೇಕಾ ಅಂತ ಇಡೀ ರಾಜ್ಯದಲ್ಲಿ ಜನಮತ ಆಯ್ತು, 60%ಗಿಂತ ಹೆಚ್ಚು ಜನ ಬೇಡ ಇರ್ಲಿ ಅಂದ್ರು, ನಮ್ಮ ಶಾಸಕರ ಕಡೆ ಸೋತಿತು. ಹಂಗೇ ಹೊಲದ ಕೂಲಿಯವರ ಓವರ್‌ಟೈಮ್ ಕಾನೂನು, 2022ರಲ್ಲಿ ವಾರಕ್ಕೆ 55 ಗಂಟೆ ಮೇಲೆ, 2023ರಲ್ಲಿ 48, 2024ರಿಂದ 40 ಗಂಟೆ ಮೇಲೆ ದುಡಿದ್ರೆ ಒಂದೂವರೆ ಪಟ್ಟು ಕೂಲಿ. ಸುಗ್ಗಿ ಟೈಮಲ್ಲಾದ್ರೂ ಸಡಿಲ ಮಾಡಿ ಅಂತ ರಿಪಬ್ಲಿಕನ್ನರು ಕೇಳ್ತಾನೇ ಇದ್ದಾರೆ. ಈ ವಿಷಯದಲ್ಲಿ ನಾನು ಕೂಲಿಯವರ ಕಡೆ, ರಾಶಿ ಟೈಮಲ್ಲಿ ನಮ್ಮ ಹೊಲದಲ್ಲಿ ದುಡಿದ ಹೆಣ್ಮಕ್ಕಳ ಕೈ ನೋಡಿ ಬೆಳೆದೋಳು ನಾನು.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಏನಂದ್ರೆ ಇವರು ವಿರೋಧ ಪಕ್ಷದೋರು. ಒಲಿಂಪಿಯಾದಲ್ಲಿ ಎರಡೂ ಸದನದಲ್ಲಿ ಡೆಮಾಕ್ರಟ್ ಬಹುಮತ. ಅಂದ್ರೆ ಇವರು ತಂದ ಬಿಲ್ಲುಗಳು ಬಹಳಷ್ಟು ಬಿದ್ದೇ ಹೋಗ್ತವೆ. ಆದ್ರೂ ಸರ್ಕಾರ ನಮ್ಮದಲ್ಲ, ನಮ್ಮ ಮಾತು ನಡೆಯಲ್ಲ ಅಂತ ಕೈ ಕಟ್ಟಿ ಕೂರಲ್ಲ, ಈ ಬಿಲ್ಲು ತಂದೆ, ಕಮಿಟಿಯಲ್ಲೇ ನಿಂತೋಯ್ತು, ಈ ತಿದ್ದುಪಡಿ ಕೇಳಿದೆ, ಓಟಲ್ಲಿ ಸೋತೆ, ಈ ಬಿಲ್ಲಿಗೆ ಇಲ್ಲ ಅಂತ ಓಟು ಹಾಕಿದೆ ಅಂತ ಲೆಕ್ಕ ಒಪ್ಪಿಸ್ತಾರೆ. ಇಲ್ಲಿ ಅಧಿವೇಶನ ಜನವರಿ ಎರಡನೇ ಸೋಮವಾರ ಶುರು, ಬಜೆಟ್ ಬರೆಯೋ ಬೆಸ ವರ್ಷದಲ್ಲಿ 105 ದಿನ, ಸರಿ ವರ್ಷದಲ್ಲಿ 60 ದಿನ. ಮಧ್ಯೆ ಮಧ್ಯೆ ಕಟ್-ಆಫ್ ತಾರೀಕು ಇರ್ತವೆ, ಆ ತಾರೀಕೊಳಗೆ ಕಮಿಟಿ ದಾಟದ ಬಿಲ್ಲು ಅಲ್ಲಿಗೆ ಸತ್ತಂಗೆ. ಅದಕ್ಕೇ ಕಾಗದ ಬರೋ ಟೈಮೂ ಮುಖ್ಯ, ಎಲ್ಲಾ ಮುಗಿದ ಮೇಲೆ ಹೇಳಿ ಏನು ಉಪಯೋಗ. ಈ ಬಿಲ್ಲು ಮುಂದಿನ ವಾರ ಕಮಿಟಿ ಮುಂದೆ ಬರ್ತದೆ, ನಿಮಗೆ ಹೇಳೋದಿದ್ರೆ ಆನ್‌ಲೈನಲ್ಲಿ ಪರ ಅಥವಾ ವಿರೋಧ ಅಂತ ಹೆಸರು ಬರೆಸಿ, ಮನೆಯಿಂದ್ಲೇ ವಿಡಿಯೋದಲ್ಲಿ ಮಾತಾಡಬಹುದು ಅಂತ ದಾರಿನೂ ಹೇಳ್ತಾರೆ. ಪುಲ್‌ಮನ್‌ನಿಂದ ಒಲಿಂಪಿಯಾಗೆ ಹೋಗ್ಬೇಕಂದ್ರೆ ಚಳಿಗಾಲದಲ್ಲಿ ಹಿಮ ಬಿದ್ದ ಕ್ಯಾಸ್ಕೇಡ್ ಘಟ್ಟ ದಾಟ್ಬೇಕು, ಎರಡು ನಿಮಿಷ ಮಾತಾಡೋಕೆ ಎರಡು ದಿನ ಹೋಗ್ತದೆ, ರೈತನಿಗೆ ಎಲ್ಲಿ ಆಗ್ತದೆ ಅದು. ಕೊರೊನಾ ಕಾಲದಲ್ಲಿ ಶುರು ಆದ ಈ ವಿಡಿಯೋ ವ್ಯವಸ್ಥೆ ಈಗಲೂ ಇದೆ, ನಮ್ಮ ಪಕ್ಕದ ಮನೆ ಅಜ್ಜ ಒಬ್ರು ಟ್ರ್ಯಾಕ್ಟರ್ ಶೆಡ್ಡಲ್ಲೇ ಕೂತು ಮಾತಾಡಿದ್ರಂತೆ.

ಇಲ್ಲಿ ಎಲ್ಲಾ ಬೆಳ್ಳಗಿದೆ ಅಂತ ನಾನು ಹೇಳ್ತಿಲ್ಲ. 2018ರ ಫೆಬ್ರವರಿಯಲ್ಲಿ ಇದೇ ಒಲಿಂಪಿಯಾದಲ್ಲಿ ಶಾಸಕರ ಇಮೇಲು, ಕ್ಯಾಲೆಂಡರು, ದಾಖಲೆ ಜನ ಕೇಳಿದ್ರೂ ಪೂರ್ತಿ ಕೊಡಬೇಕಾಗಿಲ್ಲ ಅನ್ನೋ ಹಂಗೆ ಒಂದು ಬಿಲ್ಲು ತಂದು ಎರಡೇ ದಿನದಲ್ಲಿ ಪಾಸ್ ಮಾಡಿದ್ರು, ಸೆನೆಟಲ್ಲಿ 41-7, ಕೆಳಮನೆಯಲ್ಲಿ 83-14. ತಂದೋರು ಎರಡೂ ಪಕ್ಷದ ನಾಯಕರು, ನಮ್ಮ ಸೆನೆಟರೂ ಅದರಲ್ಲಿ ಒಬ್ರು. ಆಗ ರಾಜ್ಯದ 13 ದಿನಪತ್ರಿಕೆಗಳು ಮುಖಪುಟದಲ್ಲೇ ಸಂಪಾದಕೀಯ ಬರೆದವು, ಜನ ಸಾವಿರಗಟ್ಟಲೆ ಫೋನು ಇಮೇಲು ಮಾಡಿದ್ರು, ಆಗಿನ ಗವರ್ನರ್ ಜೇ ಇನ್ಸ್ಲಿ (ಇಲ್ಲಿ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಇದ್ದಂಗೆ) ಸಹಿ ಹಾಕದೇ ಅದನ್ನ ವೀಟೋ ಮಾಡಿದ್ರು. ಅಂದ್ರೆ ಶಾಸಕ ತಾನೇ ಬರೆಯೋ ಕಾಗದ ಒಂದೇ ಸಾಲದು, ಪತ್ರಿಕೆನೂ ಬೇಕು, ಅದಕ್ಕೇ ನಾನು ಇದನ್ನ ನಿಮಗೆ ಬರೀತಿರೋದು. ಮತ್ತೆ ಈ ಕಾಗದ ಸರ್ಕಾರಿ ಖರ್ಚಲ್ಲಿ ಬರೋದ್ರಿಂದ ಚುನಾವಣೆ ವರ್ಷದಲ್ಲಿ ಎಷ್ಟು ಸಲ, ಯಾವಾಗ ಕಳಿಸಬಹುದು ಅಂತ ಕಾನೂನಲ್ಲೇ ಮಿತಿ ಹಾಕಿದ್ದಾರೆ, ಇಲ್ಲಾಂದ್ರೆ ಪ್ರಚಾರಕ್ಕೇ ಬಳಸ್ಕೋತಾರಲ್ಲ. ಆದ್ರೆ ಆ 2018ರ ಬಿಲ್ಲಿಗೆ ಹೌದು ಅಂದ 41 ಜನ ಯಾರು, ಇಲ್ಲ ಅಂದ 7 ಜನ ಯಾರು ಅಂತ ಹೆಸರು ಸಮೇತ ಗೊತ್ತಾಯ್ತು. ಈ ರಾಜ್ಯದ ಸಂವಿಧಾನದಲ್ಲೇ ಇದೆ, ಬಿಲ್ಲು ಕೊನೆಗೆ ಪಾಸ್ ಆಗುವಾಗ ಒಬ್ಬೊಬ್ಬರ ಹೌದು-ಇಲ್ಲ ಬರೆದು ಇಡಬೇಕು ಅಂತ. ಗುಂಪಲ್ಲಿ ಗೋವಿಂದ ನಡೆಯಲ್ಲ.

2020ರ ಸೆಪ್ಟೆಂಬರ್ 7, ಲೇಬರ್ ಡೇ ರಜೆ, ಅವತ್ತು ನಮ್ಮ ವಿಟ್ಮನ್ ಕೌಂಟಿಯಲ್ಲೇ, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ, ಮಾಲ್ಡನ್ ಅನ್ನೋ ಪುಟ್ಟ ಊರು ಬೆಂಕಿಗೆ ಸಿಕ್ತು, ಬಿರುಗಾಳಿ ಇತ್ತು, ಕೆಲವೇ ಗಂಟೆಯಲ್ಲಿ ಊರಿನ 80% ಕಟ್ಟಡ ಸುಟ್ಟು ಬೂದಿ. ನಮ್ಮೂರು ತನಕ ಹೊಗೆ, ಎಷ್ಟೋ ದಿನ ಕಿಟಕಿ ತೆಗೆಯೋ ಹಂಗಿರಲಿಲ್ಲ. ಕೇಂದ್ರದ ಪರಿಹಾರ ಬರೋಕೆ ಐದು ತಿಂಗಳು ಹಿಡೀತು, ಆಗಿನ ಅಧ್ಯಕ್ಷ ಟ್ರಂಪ್‌ಗೂ ಗವರ್ನರ್‌ಗೂ ಆಗ್ತಿರಲಿಲ್ಲ, ಫೈಲು ಅಲ್ಲೇ ಕೂತಿತ್ತು, 2021ರ ಫೆಬ್ರವರಿಯಲ್ಲಿ ಬೈಡನ್ ಬಂದ ಮೇಲೆ ಸಹಿ ಆಯ್ತು. ಮನೆ ಕಳ್ಕೊಂಡೋರಿಗೆ ಆ ಐದು ತಿಂಗಳಲ್ಲಿ ಬೇಕಾಗಿದ್ದು ದುಡ್ಡು ಒಂದೇ ಅಲ್ಲ, ನಮ್ಮ ಅರ್ಜಿ ಈಗ ಯಾರ ಟೇಬಲ್ ಮೇಲಿದೆ ಅನ್ನೋ ಸುದ್ದಿ.

ಇದನ್ನ ಯಾಕೆ ಹೇಳ್ದೆ ಅಂದ್ರೆ, 2025ರ ಸೆಪ್ಟೆಂಬರಲ್ಲಿ ಭೀಮಾ ನದಿ ಉಕ್ಕಿ ನಮ್ಮ ಕಡೆ ಊರಿಗೆ ಊರೇ ನೀರಲ್ಲಿ ನಿಂತಾಗ ಅಣ್ಣನ ತೊಗರಿ ಹೊಲದಲ್ಲಿ ಮೊಣಕಾಲು ತನಕ ನೀರು. ಮುಖ್ಯಮಂತ್ರಿಗಳು ವಿಮಾನದಲ್ಲಿ ನೋಡ್ಕೊಂಡು ಹೋದ್ರು, ಕೇಂದ್ರದ ಲೆಕ್ಕದ ಮೇಲೆ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಸೇರಿಸಿ ಕೊಡ್ತೀವಿ ಅಂದ್ರು. ನಾನು ಇಲ್ಲಿಂದ ಫೋನ್ ಮಾಡಿ ಕೇಳ್ದೆ, ಅಣ್ಣಾ ಸರ್ವೆ ಆಯ್ತಾ, ನಮ್ಮ ಎಮ್ಮೆಲ್ಲೆ ಏನಂದ್ರು ಅಂತ. ಅಣ್ಣ ಅಂದ, "ಯಾರಿಗ್ ಗೊತ್ತ ತಂಗಿ, ಅವರು ಬೆಂಗಳೂರಾಗ ಏನ್ ಮಾತಾಡ್ತಾರ, ಮಾತಾಡ್ತಾರೋ ಇಲ್ಲೋ, ನಮಗೇನ್ ಬಂದ್ ಹೇಳ್ತಾರೇನ." ಅವನು ಸಿಟ್ಟಲ್ಲಿ ಹೇಳಲಿಲ್ಲ, ಮಳೆ ಬಂತು ಅನ್ನೋ ಹಂಗೆ ಸಾದಾ ಹೇಳಿದ, ನನಗೆ ಅದೇ ಜಾಸ್ತಿ ನೋವಾಯ್ತು. ಅದಕ್ಕೂ ಹಿಂದೆ 2022ರಲ್ಲಿ ನೆಟೆ ರೋಗ ಬಂದು ನಿಂತ ತೊಗರಿ ನಿಂತಲ್ಲೇ ಒಣಗಿದಾಗಲೂ ಹಿಂಗೇ. 2023ರ ಫೆಬ್ರವರಿಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಅಂತ ಸರ್ಕಾರ ಘೋಷಿಸ್ತು, ಅದನ್ನ ಸದನದಲ್ಲಿ ಯಾರು ಕೇಳಿದ್ರು, ಯಾರು ಒತ್ತಾಯ ಮಾಡಿದ್ರು, ನಮ್ಮೂರ ಶಾಸಕರು ಅವತ್ತು ಸದನದಲ್ಲಿ ಇದ್ರಾ, ನಮ್ಮ ಮನೆಯಲ್ಲಿ ಒಬ್ರಿಗೂ ಗೊತ್ತಿಲ್ಲ. ಕೇಳಿದ್ದಿದ್ರೆ ಅವರಿಗೇ ತಾನೇ ಒಳ್ಳೆ ಹೆಸರು.

ನಮ್ಮ ಶಾಸಕರಿಂದ ಏನೂ ಬರಲ್ಲ ಅಂತಲ್ಲ. ಅಣ್ಣನ ವಾಟ್ಸಾಪಿಗೆ ದಿನಾ ಬರ್ತವೆ, ಭೂಮಿಪೂಜೆ ಫೋಟೋ, ಹಬ್ಬದ ಶುಭಾಶಯ, ಹುಟ್ಟುಹಬ್ಬದ ಬ್ಯಾನರು, ಯಾರದೋ ಮದುವೆಯಲ್ಲಿ ನಿಂತಿದ್ದು, ಸಾವಿಗೆ ಹೋಗಿದ್ದು. ಊರ ಸಾವು ಮದುವೆಗೆ ಬರೋದು ದೊಡ್ಡ ಗುಣ, ಇಲ್ಲಿನ ಶಾಸಕರಲ್ಲಿ ಅಷ್ಟು ಒಡನಾಟ ನಾನು ನೋಡಿಲ್ಲ, ಅದನ್ನ ಕಮ್ಮಿ ಮಾಡಿ ಮಾತಾಡಲ್ಲ ನಾನು. ಆದ್ರೆ ಶಾಸಕ ಅನ್ನೋ ಹೆಸರು ಬಂದಿರೋದೇ ಶಾಸನ ಮಾಡೋದ್ರಿಂದ, ಆ ಕೆಲಸದ ಸುದ್ದಿ ಒಂದೂ ಬರಲ್ಲ. ಕರ್ನಾಟಕದಲ್ಲಿ 2005ರದ್ದೇ ಒಂದು ಕಾನೂನಿದೆ, ವರ್ಷಕ್ಕೆ ಕಮ್ಮಿ ಅಂದ್ರೂ 60 ದಿನ ಅಧಿವೇಶನ ನಡೀಬೇಕು ಅಂತ. ತಾವೇ ಮಾಡಿದ ಕಾನೂನು. ಅಷ್ಟು ದಿನ ನಡೆಯೋದು ಎಲ್ಲಿ ಬಂತು, ನಡೆದ ದಿನಗಳಲ್ಲೂ ಅರ್ಧ ದಿನ ಗದ್ದಲ. 2025ರ ಮಾರ್ಚ್ 21ನೇ ತಾರೀಕು ನೆನಪಿರಬೇಕು ನಿಮಗೆ, ಸದನದ ಬಾವಿಗಿಳಿದು ಗಲಾಟೆ, 18 ಜನ ಬಿಜೆಪಿ ಶಾಸಕರ ಸಸ್ಪೆಂಡ್, ಅದೇ ಗದ್ದಲದ ನಡುವೆ ಶಾಸಕರ ಸಂಬಳ 40,000ದಿಂದ 80,000ಕ್ಕೆ ಏರಿಸೋ ಬಿಲ್ಲು ಚರ್ಚೆ ಇಲ್ಲದೇ ಪಾಸ್. ಧ್ವನಿಮತದಲ್ಲಿ ಹೌದು ಅಂದೋರು ಯಾರು, ಇಲ್ಲ ಅಂದೋರು ಯಾರು, ಒಂದು ಹೆಸರೂ ಪುಸ್ತಕದಲ್ಲಿಲ್ಲ. ಸಂಬಳ ಏರಿಸಿದ್ದು ತಪ್ಪು ಅಂತ ನಾನು ವಾದ ಮಾಡ್ತಿಲ್ಲ, ಆದ್ರೆ ನಮ್ಮ ಶಾಸಕರು ಏನಂದ್ರು ಅಂತ ಕ್ಷೇತ್ರದ ಜನಕ್ಕೆ ಒಂದು ಸಾಲು ತಿಳಿಸಬೇಕಾ ಬೇಡವಾ.

ನಮ್ಮಲ್ಲಿ ಪಕ್ಷಾಂತರ ನಿಷೇಧ ಕಾನೂನಿದೆ, 1985ರಿಂದ, ವಿಪ್ ಬಂದ್ರೆ, ವಿಪ್ ಅಂದ್ರೆ ಪಕ್ಷದ ಆದೇಶ, ಶಾಸಕ ಪಕ್ಷ ಹೇಳಿದಂಗೇ ಓಟು ಹಾಕ್ಬೇಕು, ಇಲ್ಲಿನವರಷ್ಟು ಸ್ವಾತಂತ್ರ್ಯ ನಮ್ಮವರಿಗಿಲ್ಲ, ಅದು ನನಗೂ ಗೊತ್ತು. ಆದ್ರೆ ಪ್ರಶ್ನೆ ಕೇಳೋಕೆ ಯಾವ ವಿಪ್ಪೂ ಅಡ್ಡ ಬರಲ್ಲ. ಚುಕ್ಕೆ ಗುರುತಿನ ಪ್ರಶ್ನೆ ಕೇಳಬಹುದು, ಗಮನ ಸೆಳೆಯುವ ಸೂಚನೆ ಕೊಡಬಹುದು, ಶೂನ್ಯವೇಳೆಯಲ್ಲಿ ಎತ್ತಬಹುದು. ಮಂತ್ರಿಗಳ ಉತ್ತರ ಕನ್ನಡದಲ್ಲೇ ಅಚ್ಚಾಗ್ತದೆ. ಆ ಪ್ರಶ್ನೆ, ಆ ಉತ್ತರ, ಎಷ್ಟು ದಿನ ಹಾಜರಿದ್ದೆ, ವರ್ಷಕ್ಕೆ ಸಿಗೋ 2 ಕೋಟಿ ಶಾಸಕರ ನಿಧಿ ಯಾವ ಊರಿನ ಯಾವ ಕೆಲಸಕ್ಕೆ ಹೋಯ್ತು, ನಮ್ಮ ಭಾಗದವರಾದ್ರೆ ಕಲ್ಯಾಣ ಕರ್ನಾಟಕ ಮಂಡಳಿಗೆ ಇಟ್ಟ 5,000 ಕೋಟಿಯಲ್ಲಿ ನಮ್ಮ ತಾಲೂಕಿನ ಪಾಲು ಎಷ್ಟು, ಇಷ್ಟು ಒಂದು ಹಾಳೆಯಲ್ಲಿ ಹಿಡಿಯಲ್ವಾ?

ಇನ್ನು ಸುಂಕದ ಮಾತು, ಇದು ನನ್ನ ಎರಡೂ ಊರಿಗೆ ಸೇರಿದ್ದು. 2019ರ ಜೂನಲ್ಲಿ ಭಾರತ ಅಮೆರಿಕದ ಕಡಲೆ, ಮಸೂರ್, ಸೇಬಿನ ಮೇಲೆ ಹೆಚ್ಚುವರಿ ಸುಂಕ ಹಾಕಿದಾಗ ಈ ಪಲೂಸ್ ರೈತರಿಗೂ ಸೇಬು ತೋಟದವರಿಗೂ ಬಲವಾದ ಪೆಟ್ಟು ಬಿತ್ತು, 2023ರ ಸೆಪ್ಟೆಂಬರಲ್ಲಿ ಅದು ಹೋಯ್ತು. ನಾನು ಬೇಳೆ ತಗೊಳೋಕೆ ಹೋದ್ರೆ ನೀನು ಇಂಡಿಯಾದವಳಲ್ವಾ ಅಂತ ಇಲ್ಲಿನ ರೈತರು ಆ ಮಾತು ತೆಗೀತಿದ್ರು. 2023ರ ಡಿಸೆಂಬರಲ್ಲಿ ನಮ್ಮ ಕೇಂದ್ರ ಸರ್ಕಾರ ಹಳದಿ ಬಟಾಣಿ ಸುಂಕ ಇಲ್ಲದೇ ಬರೋಕೆ ಬಿಡ್ತು, ಕೆನಡಾದಿಂದ, ರಷ್ಯಾದಿಂದ ಹಡಗುಗಟ್ಟಲೆ ಅಗ್ಗದ ಬಟಾಣಿ ಬಂತು, ಅಣ್ಣನ ತೊಗರಿ ರೇಟು ಕಲಬುರಗಿ ಎಪಿಎಂಸಿಯಲ್ಲಿ ಇಳೀತಾ ಹೋಯ್ತು, 2025ರ ನವೆಂಬರ್ 1ಕ್ಕೆ ಅದರ ಮೇಲೆ 30% ಸುಂಕ ಬಂತು ಆದ್ರೆ ಅಷ್ಟರಲ್ಲಿ ಹೋದ ದುಡ್ಡು ಹೋಯ್ತು. 2025-26ರಲ್ಲಿ ತೊಗರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ಅಂತ ಕಾಗದದ ಮೇಲಿತ್ತು. ಇಲ್ಲಿನ ರೈತನಿಗೆ ನಮ್ಮ ಸುಂಕ ಕಷ್ಟ, ಅಣ್ಣನಿಗೆ ಸುಂಕ ಇಲ್ಲದ್ದು ಕಷ್ಟ, ಇಬ್ಬರ ಹೊಲನೂ ನೋಡಿದ ನನಗೆ ಯಾರ ಪರ ನಿಲ್ಲಬೇಕೋ ತಿಳಿಯಲ್ಲ. ಆದ್ರೆ ಒಂದು ತಿಳೀತದೆ, ಸುಂಕ ಯಾಕೆ ಬಂತು ಯಾವಾಗ ಹೋಯ್ತು ಅಂತ ಇಲ್ಲಿನ ರೈತನಿಗೆ ತಾರೀಕು ಸಮೇತ ಗೊತ್ತು. ಅಣ್ಣನಿಗೆ ರೇಟು ಇಳಿದಿದ್ದು ಗೊತ್ತು, ಯಾಕೆ ಅಂತ ಅಮೆರಿಕದಲ್ಲಿರೋ ತಂಗಿ ಹೇಳ್ಬೇಕಾಯ್ತು. ಸುಂಕ ಕೇಂದ್ರದ್ದು, ಶಾಸಕರ ಕೈಲಿಲ್ಲ ಅನ್ನಬಹುದು. ಒಲಿಂಪಿಯಾದವರ ಕೈಲೂ ಸ್ನೇಕ್ ನದಿ ಡ್ಯಾಮ್ ಇಲ್ಲ, ಅದೂ ಕೇಂದ್ರದ್ದೇ, ಆದ್ರೂ ಬರೀತಾರೆ.

ಹಳ್ಳಿ ಜನ ಇದನ್ನೆಲ್ಲ ಓದಲ್ಲ ಅಂತ ಒಬ್ರು ನನ್ನ ಹತ್ರ ವಾದ ಮಾಡಿದ್ರು. ನಮ್ಮಪ್ಪ ಕಟ್ಟೆ ಮೇಲೆ ಕೂತು ಒಂದೇ ಪೇಪರನ್ನ ಹತ್ತು ಜನಕ್ಕೆ ಓದಿ ಹೇಳ್ತಿದ್ದ, ಆ ಹತ್ತೂ ಜನ ಆಮೇಲೆ ಊರೆಲ್ಲ ಹೇಳ್ತಿದ್ರು, ಅಂಥ ಊರು ನಮ್ಮದು. ಓದೋಕೆ ಬರದೋರಿಗೆ ಶಾಸಕರು ತಮ್ಮ ದನಿಯಲ್ಲೇ, ನಮ್ಮ ಕಡೆ ಮಾತಲ್ಲೇ ನಾಲ್ಕು ನಿಮಿಷದ ಆಡಿಯೋ ಮಾಡಿ ಬಿಡಲಿ, ಬ್ಯಾನರಿಗಾಗೋ ಖರ್ಚಿನ ಮುಂದೆ ಅದು ಏನೂ ಅಲ್ಲ. ಯಾವ ಪಕ್ಷದೋರೇ ಆಗ್ಲಿ, ನಾನು ಪಕ್ಷದ ಮಾತಾಡ್ತಿಲ್ಲ, ನಮ್ಮ ಜಿಲ್ಲೆಯ 9 ಜನರಲ್ಲಿ ಒಬ್ರು ಶುರು ಮಾಡಿದ್ರೆ ಉಳಿದೋರು ಮಾಡಲೇಬೇಕಾಗ್ತದೆ.

ನಿಮ್ಮ ಪತ್ರಿಕೆಗೆ ಒಂದು ಕೇಳಿಕೆ ಇದೆ. ಬೆಳಗಾವಿ ಅಧಿವೇಶನ ಮುಗಿದ ಮರುದಿನ ಜಿಲ್ಲಾ ಪುಟದಲ್ಲಿ ಒಂದು ಬಾಕ್ಸ್ ಹಾಕಿ, ಒಂಬತ್ತೂ ಶಾಸಕರ ಹೆಸರು, ಹಾಜರಾದ ದಿನ, ಕೇಳಿದ ಪ್ರಶ್ನೆ, ಬಂದ ಉತ್ತರ. ಏನೂ ಕೇಳದೇ ಇದ್ದೋರ ಮುಂದೆ ಜಾಗ ಖಾಲಿ ಬಿಡಿ. ಅಣ್ಣ ಈಗಲೂ ನಿಮ್ಮ ಪೇಪರ್ ತರಿಸ್ತಾನೆ, ಪ್ರವಾಹದ ಬೆಳೆ ಪರಿಹಾರ ನಮ್ಮೂರಲ್ಲಿ ಎಷ್ಟು ಜನಕ್ಕೆ ಬಂತು, ಯಾರ ಹೆಸರು ಯಾಕೆ ಬಿಟ್ಟುಹೋಯ್ತು ಅನ್ನೋ ಪ್ರಶ್ನೆನ ಯಾರಾದ್ರೂ ಕೇಳಿದ್ರಾ ಅಂತ ಅವನು ಆ ಬಾಕ್ಸಲ್ಲಿ ಮೊದಲು ನೋಡ್ತಾನೆ.

ಇಂತಿ,
ಕಲಬುರಗಿ ಜಿಲ್ಲೆಯ ರೈತರ ಮಗಳು
ಪುಲ್‌ಮನ್, ವಾಷಿಂಗ್ಟನ್ ರಾಜ್ಯ